ಮಾಸ್ತರರ ಗೋಣು

ಹೊಲಿಗೆ ಅಂಗಡಿಯಲ್ಲಿ ಬಟ್ಟೆ ಕತ್ತರಿಸುವವರ ಬಾಯಿ ಸದಾ ತುಂಬಿರುತ್ತದೆ. ತಿಂಡಿಯಿಂದಲ್ಲ, ಗುಂಡುಸೂಜಿಗಳಿಂದ. ಒಂದು ಕೈಯಲ್ಲಿ ಬಟ್ಟೆ, ಇನ್ನೊಂದರಲ್ಲಿ ಕತ್ತರಿ. ಸೂಜಿ ಹಿಡಿದುಕೊಳ್ಳಲು ದೇವರು ಮೂರನೇ ಕೈ ಕೊಡಲಿಲ್ಲವಾದ್ದರಿಂದ ಅದನ್ನು ತುಟಿಗಳ ನಡುವೆ ಇಟ್ಟುಕೊಳ್ಳುತ್ತಾರೆ. ಇಟ್ಟುಕೊಂಡ ಮೇಲೆ ಮಾತಾಡುವ ಹಾಗಿಲ್ಲ. ಮಾತಾಡಿದರೆ ಸೂಜಿ ಒಂದೋ ಹೊರಗೆ ಬೀಳುತ್ತದೆ, ಇಲ್ಲವೇ ಒಳಗೆ ಹೋಗುತ್ತದೆ. ಹೀಗಾಗಿ ನಮ್ಮ ಕಟಿಂಗ್ ಮಾಸ್ತರರು ಹರೆಯದಲ್ಲೇ ತಲೆಯಾಡಿಸಿ ಮಾತಾಡುವುದನ್ನು ಕಲಿತುಬಿಟ್ಟರು. "ಭಾನುವಾರಕ್ಕೆ ಪ್ಯಾಂಟು ಸಿಗುತ್ತಾ?" ಎಂದು ಗಿರಾಕಿ ಕೇಳಿದರೆ ಗೋಣು ಮೇಲೆ ಕೆಳಗೆ. "ನಾಳೆಗೇ ಬೇಕಿತ್ತಲ್ಲ!" ಎಂದರೆ ಅಡ್ಡಡ್ಡ. ಅಂಗಡಿಯ ಯಜಮಾನರೇ ಗಿರಾಕಿಗಳಿಗೆ ಹೇಳುತ್ತಿದ್ದರು, "ಅವರ ಗೋಣು ಒಂದು ಸಲ ಅಡ್ಡ ಹೋಯ್ತು ಅಂದ್ರೆ ನಾನು ಬಂದ್ರೂ ನೆಟ್ಟಗಾಗಲ್ಲ."

ಅಂಗಡಿಯಲ್ಲಿ ಕಲಿತದ್ದು ಮನೆಗೂ ಬಂತು. ಮನೆಯಲ್ಲಿ ಬಾಯೊಳಗೆ ಸೂಜಿ ಇರುತ್ತಿರಲಿಲ್ಲ, ಆದರೂ ತುಟಿ ಬಿಚ್ಚುತ್ತಿರಲಿಲ್ಲ. ಇನ್ನೊಂದು ಚಮಚ ಬಡಿಸಲೇ ಎಂದರೆ ಗೋಣು. ಮಗಳು ಗೆಳತಿಯರ ಜೊತೆ ಹೋಗಲೇ ಎಂದರೆ ಗೋಣು. "ಬೇರೆಯವರ ಮನೇಲಿ ಅಪ್ಪ ಇರ್ತಾರೆ, ನಮ್ಮನೇಲಿ ಸಿಗ್ನಲ್ ಕಂಬ ಇದೆ" ಎನ್ನುತ್ತಿದ್ದಳು ಮಗಳು. ಹೇಳಿ, ಕಂಬದ ಕಡೆ ನೋಡಿ, ಹಸಿರೋ ಕೆಂಪೋ ತಿಳಿದುಕೊಂಡೇ ಹೊರಡುತ್ತಿದ್ದಳು.

ಗೋಣಿನ ಮಾತಿಗೆ ಒಂದು ದೊಡ್ಡ ಅನುಕೂಲ ಉಂಟು. ಬಾಯಲ್ಲಿ ಬೇಡ ಅಂದವರನ್ನು "ಯಾಕೆ?" ಎಂದು ಕೇಳಬಹುದು. ಗೋಣನ್ನು ಯಾರು ಕೇಳುತ್ತಾರೆ? ಈ ಸಂಗತಿ ಆ ಮನೆಯಲ್ಲಿ ಎಲ್ಲರಿಗಿಂತ ಚೆನ್ನಾಗಿ ಗೊತ್ತಿದ್ದದ್ದು ಅವರ ಹೆಂಡತಿಗೆ.

ಆಕೆಯನ್ನು ಬೀದಿಯವರು ಮಾಸ್ತರಮ್ಮ ಎನ್ನುತ್ತಿದ್ದರು. ಕತ್ತರಿ ಹಿಡಿದು ಒಂದು ಅಂಗಿಯನ್ನೂ ಕತ್ತರಿಸಿದವರಲ್ಲ, ಆದರೆ ಹರಿದ ಅಂಗಿ ಕೈಗೆ ಸಿಕ್ಕರೆ ಬಿಡುವವರೂ ಅಲ್ಲ. ತವರಿನಲ್ಲಿ ತಾಯಿ ಕಲಿಸಿದ ರಫು ಕೆಲಸ ಅದು. ಇಸ್ತ್ರಿಯ ಕೆಂಡ ಹಾರಿ ತೂತಾದ ಕೋಟಿಗೆ ಅದರದೇ ಒಳಮಡಿಕೆಯಿಂದ ಎಳೆ ಬಿಡಿಸಿಕೊಂಡು, ಹಿಂದುಮುಂದು ನೇಯ್ದು, ತೂತು ಎಲ್ಲಿತ್ತೆಂದು ಕೋಟಿನವನೇ ಹುಡುಕುವ ಹಾಗೆ ಮಾಡುವುದು. ಮಾಸ್ತರಮ್ಮನಿಗೆ ಅದು ಜಪದ ಹಾಗೆ. ಸೂಜಿ ಒಳಗೆ ಹೋಗಿ ಹೊರಗೆ ಬರುವಷ್ಟು ಹೊತ್ತು ಮನಸ್ಸಿಗೆ ಬೇರೆ ಏನೂ ಬರುತ್ತಿರಲಿಲ್ಲ. ಮದುವೆಯಾದ ಮೇಲೆ ಗಂಡನ ಅಂಗಿ, ಮಗಳ ಲಂಗ, ಮಹಡಿಮನೆಯಾಕೆಯ ಕಿಟಕಿಯ ಪರದೆ, ಇಷ್ಟಕ್ಕೇ ಆ ಜಪ ನಿಂತಿತ್ತು.

ಆಗಾಗ ಸಮಯ ನೋಡಿ ಕೇಳುತ್ತಿದ್ದರು. "ರೀ, ಮುಂದಿನ ಕೋಣೇಲಿ ಕೂತು ಒಂದಿಷ್ಟು ರಫು ಕೆಲಸ ಹಿಡೀಲಾ?"

ಗೋಣು ಅಡ್ಡ.

ಮುಂದಿನ ಸಲ ಮಳೆ ನಿಂತ ಮೇಲೆ ಕೇಳಿದರು. ಅಡ್ಡ. ಮಗಳು ಕಾಲೇಜು ಸೇರಿದ ಮೇಲೆ ಕೇಳಿದರು. ಅಡ್ಡ. ಮಾಸ್ತರರು ಒಳ್ಳೆಯ ಮನಸ್ಥಿತಿಯಲ್ಲಿದ್ದಾಗ ಕೇಳಿದರೆ ಗೋಣು ನಿಧಾನವಾಗಿ ಅಡ್ಡ ಹೋಗುತ್ತಿತ್ತು, ಅಷ್ಟೇ ವ್ಯತ್ಯಾಸ.

ಹೀಗಿರುವಾಗ ಶಾಲೆಗಳ ಯೂನಿಫಾರಂ ಕಾಲ ಬಂತು. ಆ ದಿನಗಳಲ್ಲಿ ಮಾಸ್ತರರು ಬಟ್ಟೆಯನ್ನು ಪದರ ಪದರವಾಗಿ ಹಾಸಿ, ಬೆಳಗಿನಿಂದ ಸಂಜೆಯವರೆಗೆ ಮೇಜಿನ ಮೇಲೆ ಬಗ್ಗಿಯೇ ಇರುತ್ತಾರೆ. ಮನೆಗೆ ಬಂದಾಗ ಕತ್ತು ಕಲ್ಲಾಗಿರುತ್ತದೆ. ಬಿಸಿನೀರಿನ ಬಟ್ಟೆ ಇಡಲೇ ಎಂದರೆ ಅದಕ್ಕೂ ಗೋಣು ಅಡ್ಡ. ಅದೇ ವಾರ ಬೀದಿಯ ತಿರುವಿನ ಲಾಂಡ್ರಿಯವನು ಮಾಸ್ತರಮ್ಮನನ್ನು ಹುಡುಕಿಕೊಂಡು ಬಂದ. ಅವನಲ್ಲಿ ರಫು ಮಾಡುತ್ತಿದ್ದ ಮುದುಕನಿಗೆ ಕಣ್ಣು ಮಂಜಾಗಿತ್ತು. ಮಹಡಿಮನೆಯಾಕೆ ತನ್ನ ಪರದೆಯನ್ನು ಬಾವುಟದ ಹಾಗೆ ಹಿಡಿದು ಅವನಿಗೆ ತೋರಿಸಿ ಬಂದಿದ್ದಳು.

"ಕೆಲಸ ವರ್ಷಪೂರ್ತಿ ಇರುತ್ತೆ ಮಾಸ್ತರಮ್ಮ. ಆದ್ರೆ ನಾಳೆ ಮಧ್ಯಾಹ್ನದೊಳಗೆ ಹೇಳಿಬಿಡಿ. ಇಲ್ಲ ಅಂದ್ರೆ ನಾನು ಬೇರೆಯವರನ್ನ ನೋಡ್ಕೋಬೇಕು."

ಮರುದಿನ ಬೆಳಗ್ಗೆ ಮಾಸ್ತರರು ಎದ್ದು ಚಹಾಕ್ಕೆ ಕೂತಾಗ ಭುಜಗಳು ಕಿವಿಯ ಹತ್ತಿರ ಬಂದಿದ್ದವು. ಮಾಸ್ತರಮ್ಮ ಅದನ್ನು ನೋಡಿದರು, ಆದರೆ ನೋಡಲಿಲ್ಲ. ಅವರ ತಲೆಯಲ್ಲಿ ಲಾಂಡ್ರಿಯವನ ಮಧ್ಯಾಹ್ನ ಓಡುತ್ತಿತ್ತು. ಒಲೆಯ ಮುಂದೆ ಕಣ್ಣು ಮುಚ್ಚಿ ಒಂದು ಸಲ ದೇವರನ್ನು ನೆನೆದು, ಲೋಟ ಕೈಗೆ ಕೊಟ್ಟು ಕೇಳಿಯೇ ಬಿಟ್ಟರು.

"ರೀ, ಲಾಂಡ್ರಿಯವರ ರಫು ಕೆಲಸ ಹಿಡೀಲಾ? ಇವತ್ತೇ ಹೇಳ್ಬೇಕಂತೆ."

ಮಾಸ್ತರರ ತಲೆ ಎಂದಿನಂತೆ ಎಡಕ್ಕೆ ಹೊರಟಿತು. ಎರಡು ಬೆರಳಿನಷ್ಟು ಹೋದದ್ದೇ ತಡ, ಕತ್ತಿನಲ್ಲಿ ಯಾರೋ ಚಾಕು ತಿರುಗಿಸಿದಂತಾಯಿತು. ಗದ್ದ ಎದೆಗೆ ಬಂದು ಬಡಿಯಿತು. ಆ ನೋವಿಗೆ ತಲೆ ಚಿಮ್ಮಿ ಮೇಲೆದ್ದಿತು. ಮತ್ತೆ ಕೆಳಗೆ ಬಿತ್ತು. ಹಲ್ಲುಗಳ ನಡುವಿನಿಂದ ಒಂದು ನರಳಿಕೆ ಹೊರಬಂತು.

"ಹ್ಞೂಂ... ಹ್ಞೂಂ..."

ಬಾಗಿಲಲ್ಲಿ ಚಪ್ಪಲಿ ಹಾಕಿಕೊಳ್ಳುತ್ತಿದ್ದ ಮಗಳು ಒಂದೇ ಚಪ್ಪಲಿಯಲ್ಲಿ ಒಳಗೆ ಓಡಿಬಂದಳು. "ಅಮ್ಮಾ! ಅಪ್ಪ ಹ್ಞೂಂ ಅಂದ್ರು! ಗೋಣೂ ಹಾಕಿದ್ರು, ಬಾಯಲ್ಲೂ ಅಂದ್ರು! ಎರಡೆರಡು ಸಲ!"

ಮೆಟ್ಟಿಲ ಮೇಲೆ ನೀರಿನ ಕೊಡ ಹಿಡಿದು ನಿಂತಿದ್ದ ಮಹಡಿಮನೆಯಾಕೆಗೂ ಅದು ಕೇಳಿಸಿತು. ಆಕೆಗೆ ಕೇಳಿಸಿದ ಮೇಲೆ ಬೀದಿಗೆ ಬೇರೆ ಡಂಗುರ ಬೇಕಿರಲಿಲ್ಲ.

ಮಾಸ್ತರಮ್ಮನ ಮುಖ ಅರಳಿತು. ಅರಳಿದ ಮುಖದಲ್ಲೇ ಗಂಡನ ಕಣ್ಣು ನೋಡಿದರು. ಅಲ್ಲಿ ನೀರು ತುಂಬಿತ್ತು. ಸಂತೋಷದ ನೀರಂತೂ ಅಲ್ಲ. ಚಹಾ ತೊಡೆಯ ಮೇಲೆ ಚೆಲ್ಲಿತ್ತು, ಅದನ್ನೂ ಒರೆಸಿಕೊಳ್ಳದೆ ಮಾಸ್ತರರು ಗೊಂಬೆಯ ಹಾಗೆ ಕೂತಿದ್ದರು. ಆಗ ಆಕೆಗೆ ಗೊತ್ತಾಯಿತು. ಗೊತ್ತಾಯಿತೆಂದು ತಮಗೆ ತಾವೇ ಹೇಳಿಕೊಳ್ಳಲು ಮಾತ್ರ ಇನ್ನೂ ಸ್ವಲ್ಪ ಹೊತ್ತು ಬೇಕಾಯಿತು.

ಡಾಕ್ಟರರ ಹತ್ತಿರ ಹೋದಾಗಲೂ ಫಜೀತಿ. "ಕೈ ಮರಗಟ್ಟಿದ ಹಾಗಾಗುತ್ತಾ?" ಎಂದು ಅವರು ಕೇಳಿದರೆ ಮಾಸ್ತರರು ಅಭ್ಯಾಸಬಲದಿಂದ ತಲೆ ಆಡಿಸಲು ಹೋಗಿ "ಅಯ್ಯೋ" ಎಂದರು. "ಜ್ವರ ಇತ್ತಾ?" "ಅಯ್ಯೋ." "ಎಲ್ಲಾದ್ರೂ ಬಿದ್ದಿರಾ?" "ಅಯ್ಯೋ."

"ಬಾಯಲ್ಲಿ ಹೇಳಿ ಯಜಮಾನ್ರೇ" ಎಂದರು ಡಾಕ್ಟರು. "ಬಾಯಿಗೇನೂ ಆಗಿಲ್ಲವಲ್ಲ."

ಕತ್ತಿನ ಸ್ನಾಯು ಹಿಡಿದುಕೊಂಡಿದೆ, ಹೆದರುವಂಥದ್ದಲ್ಲ ಎಂದರು. ನೋವಿಗೊಂದು ಮಾತ್ರೆ, ಸ್ನಾಯು ಸಡಿಲಿಸಲು ಇನ್ನೊಂದು. "ಈ ಸಡಿಲದ ಮಾತ್ರೆ ನಿದ್ದೆ ತರಿಸುತ್ತೆ, ತಲೆ ಸುತ್ತಬಹುದು, ಬಾಯಿ ಒಣಗುತ್ತೆ. ಇದನ್ನ ತಗೊಳ್ಳೋವಷ್ಟು ದಿನ ಕತ್ತರಿ, ಮಷಿನ್ನು, ಗಾಡಿ ಯಾವುದನ್ನೂ ಮುಟ್ಟಬೇಡಿ. ಕುಡಿಯೋ ಅಭ್ಯಾಸ ಇದ್ರೆ ಅದೂ ಬೇಡ. ಬಿಸಿ ಶಾಖ ಕೊಡಿ. ಒಂದು ವಾರ ಸಾಕು. ಚೆನ್ನಾಗಿದೆ ಅಂತ ನೀವೇ ಮುಂದುವರಿಸಬಾರದು, ಇನ್ನೊಬ್ಬರಿಗೆ ಕೊಡಲೂಬಾರದು." ಎಲ್ಲವನ್ನೂ ಹೇಳಿ ಮಾಸ್ತರಮ್ಮನ ಕಡೆ ತಿರುಗಿದರು. "ಮಾತ್ರೆ ನಿಮ್ಮ ಕೈಯಲ್ಲಿರಲಿ ತಾಯಿ. ನಿದ್ದೆಗಣ್ಣಲ್ಲಿ ಎರಡೆರಡು ನುಂಗಿಬಿಟ್ಟಾರು."

ಹೀಗೆ ಮಾಸ್ತರರ ಕತ್ತಿನ ಬೀಗದ ಕೈ ಮಾಸ್ತರಮ್ಮನ ಸೊಂಟಕ್ಕೆ ಬಂತು.

ಮನೆಗೆ ಬಂದರೆ ಜಗಲಿಯ ಮೇಲೆ ಲಾಂಡ್ರಿಯವನ ಗಂಟು ಆಗಲೇ ಬಂದು ಕೂತಿತ್ತು. "'ಹ್ಞೂಂ ಅಂದ್ರಂತಲ್ಲ ಮಾಸ್ತರು, ಅದಕ್ಕೇ ನಾನೇ ತಂದೆ' ಅಂತ ಇಟ್ಟು ಹೋದ" ಎಂದು ಮಹಡಿಮನೆಯಾಕೆ ಮೇಲಿನಿಂದಲೇ ವರದಿ ಕೊಟ್ಟಳು. ಮಾಸ್ತರರು ಗಂಟನ್ನು ನೋಡಿದರು. ಬೇಡ ಎನ್ನಲು ತಲೆ ಎಡಕ್ಕೆ ಹೋಗದು, ಬಲಕ್ಕೂ ಹೋಗದು. ಬಾಯಲ್ಲಿ ಹೇಳಬಹುದಿತ್ತು. ಆದರೆ ಇಷ್ಟು ಕಾಲ ಉಪಯೋಗಿಸದೆ ಇಟ್ಟ ಸಾಮಾನು ಬೇಕೆಂದಾಗ ತಕ್ಷಣ ಕೈಗೆ ಸಿಗುತ್ತದೆಯೇ? ಅವರು ಪದ ಹುಡುಕುವಷ್ಟರಲ್ಲಿ ಮಾತ್ರೆ ಹೊಟ್ಟೆಗಿಳಿದಿತ್ತು. ಪದ ಸಿಗುವಷ್ಟರಲ್ಲಿ ನಿದ್ದೆ ಬಂದಿತ್ತು.

ಒಳಕೋಣೆಯಲ್ಲಿ ಗಂಡನ ಗೊರಕೆ, ಮುಂದಿನ ಕೋಣೆಯಲ್ಲಿ ಮಾಸ್ತರಮ್ಮನ ಸೂಜಿ. ಕಿಟಕಿಯ ಕೆಳಗೆ ಚಾಪೆ ಹಾಸಿ ಮೊದಲ ಕೋಟು ಬಿಚ್ಚಿದರು. ಮೊಣಕೈ ಹತ್ತಿರ ಕಾಸಿನಗಲ ತೂತು. ಎಳೆ ಬಿಡಿಸಿಕೊಂಡು ಸೂಜಿಗೆ ಪೋಣಿಸಿದರು. ನಡುನಡುವೆ ಎದ್ದು ಹೋಗಿ ಗಂಡನ ಕತ್ತಿನ ಬಿಸಿಬಟ್ಟೆ ಬದಲಿಸಿ ಬರುತ್ತಿದ್ದರು. ಅಷ್ಟು ಹಾಯಾದ ಮಧ್ಯಾಹ್ನ ಆಕೆಗೆ ನೆನಪಿರಲಿಲ್ಲ. ಅಷ್ಟು ಅಳುಕಿನ ಮಧ್ಯಾಹ್ನವೂ ನೆನಪಿರಲಿಲ್ಲ.

ಎರಡನೆಯ ದಿನಕ್ಕೇ ಮಾಸ್ತರರ ಕೀರ್ತಿ ಹಬ್ಬತೊಡಗಿತು. ಹಳೆಯ ಕೋಟು ಹಿಡಿದು ಬಂದ ನಿವೃತ್ತ ಗುಮಾಸ್ತರೊಬ್ಬರು ಒಳಕೋಣೆಗೆ ಇಣುಕಿ, "ಮಾಸ್ತರೇ, ನಿಮ್ಮ ಕತ್ತರಿಗಿಂತ ದೊಡ್ಡದು ನಿಮ್ಮ ಮನಸ್ಸು. ಈ ಕಾಲದಲ್ಲಿ ಹೆಂಡತಿ ಕೆಲಸಕ್ಕೆ ಕೋಣೆ ಬಿಟ್ಟುಕೊಟ್ಟು ತಾನು ಹಿಂದೆ ಮಲಗೋ ಗಂಡಸು ಎಲ್ಲಿದ್ದಾನೆ!" ಎಂದರು. ನಿದ್ದೆಯ ಅರ್ಧದಲ್ಲಿದ್ದ ಮಾಸ್ತರರು, "ಹ್ಞೂಂ..." ಎಂದರು. ಗುಮಾಸ್ತರು ಕಣ್ಣೊರೆಸಿಕೊಂಡರು. "ನೋಡಿ, ಹೊಗಳಿದ್ರೂ ಒಂದೇ ಮಾತು. ದೊಡ್ಡೋರ ಲಕ್ಷಣ."

ಎಚ್ಚರವಾದಾಗ ಬಾಯಿ ಒಣಗಿರುತ್ತಿತ್ತು. ತಲೆ ಆಡಿಸಿ ನೀರು ಕೇಳಲು ಬರುವುದಿಲ್ಲವಲ್ಲ. "ನೀರು" ಎನ್ನಬೇಕಾಯಿತು. ಆಮೇಲೆ, "ಇನ್ನೊಂದು ಲೋಟ." ಆಮೇಲೆ, "ಹೊರಗೆ ಯಾರು?" ಮಗಳು ಲೋಟ ಹಿಡಿದು ನಿಂತು ಅಮ್ಮನಿಗೆ ಕೂಗಿದಳು, "ಅಮ್ಮಾ, ಕಂಬಕ್ಕೆ ಕರೆಂಟು ಬಂದಿದೆ!"

ಮಹಡಿಮನೆಯಾಕೆಗೆ ಇದೆಲ್ಲ ಮಾತ್ರೆಯ ಮಹಿಮೆ ಎಂದು ಖಾತ್ರಿಯಾಯಿತು. ಮರುದಿನ ಸಿಟ್ಟಿನಿಂದ ಮೆಟ್ಟಿಲಿಳಿದು ಬಂದಳು.

"ಔಷಧಿ ಅಂಗಡಿಯವನಿಗೆ ಎಷ್ಟು ಕೊಬ್ಬು ಅಂತೀನಿ! ಮಾಸ್ತರಿಗೆ ಕೊಟ್ರಲ್ಲ, ಆ ಬಿಗುಮಾನ ಸಡಿಲ ಮಾಡೋ ಮಾತ್ರೆ ನಮ್ಮೆಜಮಾನ್ರಿಗೂ ಕೊಡಿ ಅಂದೆ. 'ಅದು ಬಿಗುಮಾನಕ್ಕಲ್ಲಮ್ಮ, ಬಿಗಿತಕ್ಕೆ' ಅಂದ. ಎರಡೂ ಒಂದೇ ಅಲ್ವೇನಪ್ಪ ಅಂದೆ. 'ಒಂದು ಕತ್ತಲ್ಲಿರುತ್ತೆ, ಒಂದು ತಲೇಲಿರುತ್ತೆ. ಚೀಟಿ ಇಲ್ದೆ ಎರಡಕ್ಕೂ ಕೊಡಲ್ಲ' ಅಂತಾನೆ! ನಿಮ್ಮ ಹತ್ರ ಮಿಕ್ಕಿದ್ರೆ ಒಂದೆರಡು ಕೊಡಿ ಮಾಸ್ತರಮ್ಮ."

"ಅಯ್ಯೋ, ಬೇರೆಯವರಿಗೆ ಕೊಡಬಾರದು ಅಂದಿದಾರೆ ಡಾಕ್ಟ್ರು."

"ಹಾಗಾದ್ರೆ ಮಾಸ್ತರಿಗೂ ಕಮ್ಮಿ ಕೊಡಿ." ಆಕೆ ದನಿ ತಗ್ಗಿಸಿದಳು. "ಪೆದ್ದಿ ಥರಾ ಹೊತ್ತು ಹೊತ್ತಿಗೆ ನುಂಗಿಸ್ತಾ ಇದೀರಲ್ಲ? ಕತ್ತು ಸರಿಹೋಯ್ತು ಅಂದ್ರೆ ಮೊದಲು ಅಡ್ಡ ಆಡೋದು ನಿಮ್ಮ ಈ ಕೆಲಸಕ್ಕೇ. ಬೇಕಾದ್ರೆ ಬರೆದಿಟ್ಕೊಳ್ಳಿ. ನಾಲ್ಕು ದಿನ ಹಿಡ್ಕೊಂಡೇ ಇರ್ಲಿ ಬಿಡಿ. ಅಷ್ಟರಲ್ಲಿ ಲಾಂಡ್ರಿಯವನಿಗೆ ನಿಮ್ಮ ಕೈ ರೂಢಿಯಾಗುತ್ತೆ. ಕತ್ತು ನೋವಿಗೆ ಯಾರೂ ಸತ್ತಿಲ್ಲ."

ಆಕೆ ಹೋದ ಮೇಲೆ ಮಾಸ್ತರಮ್ಮ ಮಾತ್ರೆಯ ಪಟ್ಟಿಯನ್ನು ಕೈಯಲ್ಲಿ ಹಿಡಿದು ಅಡುಗೆಮನೆಯಲ್ಲಿ ನಿಂತರು. ಇಷ್ಟೇ ಇಷ್ಟು ಬಿಳಿಯ ಬಿಲ್ಲೆ. ಇದು ಒಳಗೆ ಹೋದರೆ ಗಂಡನ ಕತ್ತು ಬಿಡುತ್ತದೆ, ತನ್ನ ಕೆಲಸ ಹೋಗುತ್ತದೆ. ಹೋಗದಿದ್ದರೆ ತನ್ನ ಕೆಲಸ ಉಳಿಯುತ್ತದೆ, ಒಳಕೋಣೆಯಲ್ಲಿ ಮಗ್ಗುಲು ಬದಲಿಸುವಾಗಲೆಲ್ಲ ಮನುಷ್ಯ "ಅಮ್ಮಾ" ಎನ್ನುತ್ತಾನೆ. ಮರೆತೆ ಎಂದರೆ ಯಾರೂ ಕೇಳುವವರಿಲ್ಲ. ಕೇಳುವವನು ಒಬ್ಬನಿದ್ದಾನೆ, ಅವನಿಗೆ ಮರೆತೆ ಎಂದು ಹೇಳುವ ಹಾಗಿಲ್ಲ.

'ದೇವರೇ' ಎಂದರು ಮನಸ್ಸಿನಲ್ಲೇ, 'ಅವರ ಕತ್ತನ್ನೂ ಬಿಡಿಸು, ನನ್ನ ಕೆಲಸವನ್ನೂ ಉಳಿಸು. ಎರಡೂ ಆಗದು ಅನ್ನುವುದಾದರೆ ಕತ್ತನ್ನೇ ಬಿಡಿಸು.' ಸ್ವಲ್ಪ ತಡೆದು ಸೇರಿಸಿದರು, 'ಆದರೆ ಅಂಥ ಅವಸರವೇನೂ ಇಲ್ಲ.'

ಮಾತ್ರೆ ಬಿಡಿಸಿ, ನೀರಿನ ಜೊತೆ ಕೊಟ್ಟು ಬಂದರು. ಮುಂದಿನ ಹೊತ್ತಿಗೂ ಕೊಟ್ಟರು. ಅದರ ಮುಂದಿನದನ್ನೂ.

ದೇವರು ಕಡೆಯ ಮಾತನ್ನು ಕೇಳಿಸಿಕೊಳ್ಳಲಿಲ್ಲವೆಂದು ಕಾಣುತ್ತದೆ. ವಾರ ತುಂಬಿ ಮಾತ್ರೆ ಮುಗಿಯುವಷ್ಟರಲ್ಲೇ ಕತ್ತು ಸಲೀಸಾಗಿ ತಿರುಗತೊಡಗಿತು. ಆ ಬೆಳಗ್ಗೆ ಮಾಸ್ತರರು ಮುಖ ತೊಳೆದು, ಕನ್ನಡಿಯ ಮುಂದೆ ನಿಂತು, ತಲೆಯನ್ನು ಎಡಕ್ಕೆ ತಿರುಗಿಸಿದರು, ಬಲಕ್ಕೆ ತಿರುಗಿಸಿದರು. ಕಳೆದುಹೋದ ಛತ್ರಿ ಸಿಕ್ಕವರ ಹಾಗೆ ಮುಖ ಬೆಳಗಿತು. ಆಮೇಲೆ ಮುಂದಿನ ಕೋಣೆಗೆ ಬಂದು, ಬಾಗಿಲ ಚೌಕಟ್ಟಿಗೆ ಒರಗಿ, ಚಾಪೆ, ಗಂಟು, ಗೋಡೆಗೆ ನೇತುಹಾಕಿದ ಕೋಟುಗಳು, ಎಲ್ಲವನ್ನೂ ಒಂದೊಂದಾಗಿ ನೋಡಿದರು.

ಮಾಸ್ತರಮ್ಮ ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟರು. ಅವರಾಗಿ ಹೇಳುವವರೆಗೆ ಕಾಯಬಹುದಿತ್ತು. ಕಾದರೆ ಇನ್ನೂ ಎರಡು ದಿನ ಸಿಗುತ್ತಿತ್ತೋ ಏನೋ. ಆದರೆ ಒಂದು ವಾರದಿಂದ ತೂತುಗಳನ್ನು ಮುಚ್ಚಿ ಮುಚ್ಚಿ, ಇದೊಂದನ್ನು ಮುಚ್ಚಿಕೊಂಡು ಕೂರಲು ಆಕೆಗೆ ಆಗಲಿಲ್ಲ.

"ಒಂದು ಮಾತು ಕೇಳ್ತೀನಿ. ಅವತ್ತು ನೀವು ಹ್ಞೂಂ ಅಂದ್ರೋ, ನೋವಿಗೆ ನರಳಿದ್ರೋ?"

ಮಾಸ್ತರರ ಗೋಣು ಅಡ್ಡ ಹೊರಟಿತು.

"ಊಹೂಂ, ಗೋಣು ಬೇಡ. ಗೋಣನ್ನ ನಂಬಿ ಒಂದು ಸಲ ಕೆಟ್ಟಿದೀನಿ. ಬಾಯಲ್ಲಿ ಹೇಳಿ."

ಮಾಸ್ತರರು ತುಟಿ ಒದ್ದೆ ಮಾಡಿಕೊಂಡರು. "ನರಳಿದ್ದು" ಎಂದರು.

"ನನಗೂ ಹಾಗೇ ಅನ್ನಿಸಿತ್ತು." ಆಕೆ ಎದ್ದರು. ಗೋಡೆಯ ಮೇಲಿದ್ದ ಕೋಟೊಂದನ್ನು ಇಳಿಸಿ ಮಡಚಿದರು. ಇನ್ನೊಂದನ್ನು ಮಡಚಿದರು. ಕಣ್ಣು ಹನಿಗೂಡಿತ್ತು, ಕೈ ಮಾತ್ರ ಅಂಚಿಗೆ ಅಂಚು ಕೂಡಿಸಿಯೇ ಮಡಚುತ್ತಿತ್ತು. "ಗೊತ್ತಿದ್ದೂ ಕೂತಿದ್ದು ನನ್ನದೇ ತಪ್ಪು. ಲಾಂಡ್ರಿಯವನಿಗೆ ನಾನೇ ಹೇಳ್ತೀನಿ. ಗುಮಾಸ್ತರಿಗೂ ಹೇಳ್ತೀನಿ."

"ಏನಂತ?"

"ಇದ್ದದ್ದನ್ನ. ನಮ್ಮವರು ಒಪ್ಪಿರಲಿಲ್ಲ, ಕತ್ತು ಹಿಡ್ಕೊಂಡಿತ್ತು, ನಾವು ತಪ್ಪು ತಿಳ್ಕೊಂಡ್ವಿ ಅಂತ."

ಮಾಸ್ತರರು ಚೌಕಟ್ಟಿನಿಂದ ಬೆನ್ನು ಬಿಡಿಸಿದರು. ಎರಡು ದಿನದ ಹಿಂದಷ್ಟೇ ಅಂಗಡಿಯ ಯಜಮಾನರು ನೋಡಲು ಬಂದು, ಹೊಲಿಯುವ ಹುಡುಗರೆಲ್ಲರ ಪರವಾಗಿ, "ನಿಮ್ಮನ್ನ ನೋಡಿ ನಾವು ಕಲೀಬೇಕು ಮಾಸ್ತರೇ" ಎಂದು ಹೋಗಿದ್ದರು. ಗುಮಾಸ್ತರು ದಿನಾ ಬಾಗಿಲಲ್ಲಿ ಕೈ ಮುಗಿದು ಹೋಗುತ್ತಿದ್ದರು. ಮಹಡಿಮನೆಯ ಯಜಮಾನನಿಗೆ ಅವನ ಹೆಂಡತಿ ಮೂರು ಹೊತ್ತೂ ಇವರನ್ನೇ ಉದಾಹರಣೆ ಕೊಡುತ್ತಿದ್ದಳು. ಇಷ್ಟು ಜನರ ಮುಂದೆ ಆ ದೊಡ್ಡ ಮನಸ್ಸೆಲ್ಲ ಒಂದು ಉಳುಕು ಎಂದು ಹೇಳುವುದೇ?

"ಬೇಡ" ಎಂದರು ಮಾಸ್ತರರು.

"ಏನು ಬೇಡ?"

"ಹೇಳೋದು ಬೇಡ."

"ಹೇಳದೆ ಕೆಲಸ ಹೇಗೆ ಬಿಡಲಿ? ಸುಳ್ಳು ಹೇಳೋಕೆ ನನ್ನ ಕೈಲಾಗಲ್ಲ ಕಣ್ರೀ."

"ಬಿಡೋದೂ ಬೇಡ."

ಮಾಸ್ತರಮ್ಮ ಮಡಚುತ್ತಿದ್ದ ಕೋಟನ್ನು ಹಾಗೇ ಹಿಡಿದುಕೊಂಡರು. ಗಂಡನ ಬಾಯಿಂದ ಒಂದೇ ಬೆಳಗ್ಗೆ ಮೂರು ಬೇಡ ಕೇಳಿದ್ದರು. ಒಂದೂ ಅವರಿಗೆ ವಿರುದ್ಧವಾಗಿರಲಿಲ್ಲ. ಇಷ್ಟಕ್ಕೇ ಸುಮ್ಮನಾಗಬಹುದಿತ್ತು. ಆದರೆ ಬಾಯಿ ತೆರೆದಿರುವಾಗಲೇ ಕೇಳಿಬಿಡಬೇಕೆನ್ನಿಸಿತು.

"ಇಷ್ಟು ವರ್ಷ ಯಾಕೆ ಬೇಡ ಅಂತಿದ್ರಿ?"

ಆ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ, ಮಾಸ್ತರರೂ ಕೇಳಿಕೊಂಡಿರಲಿಲ್ಲ. "ಹೊಸ ಬಟ್ಟೆ ಕತ್ತರಿಸೋನ ಮನೇಲಿ ಹರಕು ಹೊಲೀತಾರೆ ಅಂದ್ರೆ... ಜನ ನಗ್ತಾರೆ ಅಂತ."

"ನಕ್ರಾ?"

"ಇಲ್ಲ."

"ಮತ್ತೆ?"

"ಹೊಗಳಿದ್ರು" ಎಂದರು ಮಾಸ್ತರರು. ಅದನ್ನು ಹೇಳುವಾಗ ನಗು ಬಂತು. ನಕ್ಕದ್ದು ಹೆಂಡತಿಗೆ ಕಂಡಿತೆಂದು ಮುಖ ಗಂಟು ಹಾಕಿಕೊಂಡು, "ಆದ್ರೆ ಆ ಗಂಟು ಬಾಗಿಲಿಗೆ ಅಡ್ಡ ಇಡ್ಬೇಡ. ಬರೋರು ಎಡವ್ತಾರೆ. ಮೂಲೇಲಿ ಇಡು" ಎಂದರು.

"ಮೂಲೇಲಿ ಬೆಳಕಿಲ್ಲ."

"ಹಾಗಾದ್ರೆ ಕಿಟಕಿ ಕೆಳಗೆ."

"ಅಲ್ಲಿ ನಾನು ಕೂರ್ತೀನಿ."

ಮಾಸ್ತರರು ಸುತ್ತಲೂ ನೋಡಿದರು. ಆ ಕೋಣೆಯಲ್ಲಿ ತಮ್ಮದೇನಾದರೂ ನಡೆಯಬಹುದಾದ ಜಾಗ ಉಳಿದಿದೆಯೇ ಎಂದು ಹುಡುಕಿದಂತಿತ್ತು. ಸಿಗಲಿಲ್ಲವೋ ಏನೋ, ಹೋಗಿ ತಾವೇ ಗಂಟನ್ನು ಎತ್ತಲು ಬಗ್ಗಿದರು.

"ರೀ, ರೀ! ಭಾರ ಎತ್ತಬೇಡಿ. ಮತ್ತೆ ಹಿಡ್ಕೊಂಡ್ರೆ ಈ ಸಲ ಯಾವುದಕ್ಕೆ ಹ್ಞೂಂ ಅಂತೀರೋ!"

ಇಬ್ಬರೂ ಸೇರಿ ಗಂಟನ್ನು ಗೋಡೆಯ ಬದಿಗೆ ಎಳೆದರು. ಮಾಸ್ತರರು ಚಪ್ಪಲಿ ಮೆಟ್ಟಿಕೊಂಡು ಅಂಗಡಿಗೆ ಹೊರಟರು. ಜಗಲಿಯಲ್ಲಿ ಗುಮಾಸ್ತರು ಎದುರಾದರು. ಕೈ ಮುಗಿದು, ತಮ್ಮ ಮಾಮೂಲಿ ಹೊಗಳಿಕೆ ಶುರುಮಾಡಿದರು. ಒಳಗೆ ಮಾಸ್ತರಮ್ಮ ಮಡಚಿದ ಕೋಟುಗಳನ್ನು ಮತ್ತೆ ಬಿಚ್ಚುತ್ತ ಕಿವಿಗೊಟ್ಟರು. ನಿಜ ಹೇಳಲು ದೇವರು ಗಂಡನಿಗೆ ಇನ್ನೊಂದು ಅವಕಾಶ ಕೊಟ್ಟಿದ್ದ.

"ಏನಿಲ್ಲ ಬಿಡಿ" ಎನ್ನುತ್ತಿದ್ದರು ಮಾಸ್ತರರು, ಬಾಯಿ ತುಂಬ. "ನಾನೇ ಹೇಳಿದೆ, ಕೂತು ಮಾಡು ಅಂತ. ಮೊದಲಿಂದಲೂ ನನ್ನದು ಅದೇ ಅಭಿಪ್ರಾಯ."

ಮಾಸ್ತರಮ್ಮ ಸೂಜಿಗೆ ದಾರ ಪೋಣಿಸಿದರು. ಮಧ್ಯಾಹ್ನದೊಳಗೆ ಕೊಡಬೇಕಾದ ಪ್ಯಾಂಟು ಇನ್ನೂ ಒಂದಿತ್ತು.